ಯಾರು ಬೇಕಿತ್ತು?

ನಮ್ಮ ಬೀದಿಯಲ್ಲಿ ಹಾಡಹಗಲಲ್ಲೇ ಒಂದು ಇಡೀ ಮನೆ ಕಳುವಾಯಿತು. ಒಡವೆಯೋ ದುಡ್ಡೋ ಹೋದದ್ದಲ್ಲ. ಮಂಚ, ಕಪಾಟು, ಬಟ್ಟೆ ಒಗೆಯುವ ಯಂತ್ರ, ನಿಲುಗನ್ನಡಿ, ಮಗುವಿನ ಸೈಕಲ್ಲು, ಕೊನೆಗೆ ಕಿಟಕಿಯ ಪರದೆ ಕೂಡ. ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಗಂಡಹೆಂಡತಿ ರಜೆ ಹಾಕಿ ಪರಊರಿಗೆ ಹೋಗಿದ್ದರು. ಅವರು ಅತ್ತ ಹೋದರೋ ಇಲ್ಲವೋ, ಇತ್ತ ಒಂದು ವ್ಯಾನು ಬಂತು. ಅದರಿಂದ ಇಳಿದವರು ಸಾವಕಾಶವಾಗಿ ಸಾಮಾನು ಕೆಳಗೆ ತಂದು, ತುಂಬಿ, ಹಗ್ಗ ಬಿಗಿದು ಹೊರಟರು. ಬೀದಿಗೆ ಬೀದಿಯೇ ನೋಡಿತು, ಮನೆ ಖಾಲಿ ಮಾಡುತ್ತಿದ್ದಾರೆ ಅಂದುಕೊಂಡು ಸುಮ್ಮನಾಯಿತು. ಅದೇ ಕಟ್ಟಡದ ಕೆಳಗಿನ ಮನೆಯ ನಿವೃತ್ತ ಪೋಸ್ಟ್ ಮಾಸ್ಟರ್ ಅಂತೂ ಗೇಟು ಹಿಡಿದು ನಿಂತು, "ಗೋಡೆಗೆ ತಾಗೀತು, ಹುಷಾರು" ಎಂದು ಕಳ್ಳರಿಗೆ ಸಹಾಯ ಮಾಡಿದರು. ಕಳ್ಳರು ಥ್ಯಾಂಕ್ಸ್ ಹೇಳಿ ಹೋದರಂತೆ.

ಆ ಬೀದಿಯ ತಿರುವಿನಲ್ಲಿರುವ ಔಷಧಿ ಅಂಗಡಿ ನನ್ನದು. ಗಂಡಹೆಂಡತಿ ವಾಪಸು ಬಂದು ಗೋಡೆಯ ಮೊಳೆಗಳನ್ನಷ್ಟೇ ಕಂಡ ದಿನದಿಂದ ನನ್ನ ಕೌಂಟರಿನ ಮುಂದೆ ಬೇರೆ ಮಾತೇ ಇಲ್ಲ. ಕ್ಯಾಮೆರಾ ಹಾಕಿಸಬೇಕು ಅಂದರು ಒಬ್ಬರು. ಕಾವಲಿಗೆ ಜನ ಇಡಬೇಕು ಅಂದರು ಇನ್ನೊಬ್ಬರು. ಪೊಲೀಸರು ನಿದ್ದೆ ಮಾಡುತ್ತಿದ್ದಾರೆ ಎಂದು ಕೂಗಾಡಿದವರು ನನ್ನ ಹತ್ತಿರ ನಿದ್ದೆ ಮಾತ್ರೆ ತೆಗೆದುಕೊಂಡು ಹೋದರು.

ಪೋಸ್ಟ್ ಮಾಸ್ಟರ್ ಮಾತ್ರ ಯಾರೂ ಇಲ್ಲದ ಹೊತ್ತು ನೋಡಿ, ತಲೆ ತಗ್ಗಿಸಿಕೊಂಡು ಬಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಅಲ್ಲ ಸಾರ್, ಗೇಟು ಹಿಡಿದವರು ಒಂದು ಮಾತು ಕೇಳಬಾರದಿತ್ತಾ?"

"ಏನಂತ ಕೇಳಲಿ ತಾಯಿ? ಮೇಲಿನ ಮನೆಯವರಿಗೂ ನನಗೂ ಮಾತೇ ಇರಲಿಲ್ಲ. ಜಗಳ ಏನಿಲ್ಲ. ಮಾತಿರಲಿಲ್ಲ, ಅಷ್ಟೆ. ಅವರು ಮನೆ ಬಿಟ್ಟು ಹೋಗ್ತಾ ಇದ್ದರೆ ನನಗ್ಯಾಕೆ ಹೇಳಬೇಕು ಅಂದ್ಕೊಂಡೆ."

"ದೊಡ್ಡ ಮಾತೇನೂ ಬೇಕಿರಲಿಲ್ಲ ಸಾರ್. 'ಯಾರು ಬೇಕಿತ್ತು?' ಅಂದಿದ್ದರೆ ಸಾಕಿತ್ತು. ಕಳ್ಳನಿಗೆ ಉತ್ತರ ಬರಲ್ಲ."

ಅವರು ಕೊಂಡ ಮಾತ್ರೆಯನ್ನು ಕೌಂಟರಿನ ಮೇಲೇ ಮರೆತು ಹೊರಟುಹೋದರು, ನಾನೇ ಓಡಿಹೋಗಿ ಕೊಟ್ಟು ಬಂದೆ.

ವಾರ್ಡಿನಲ್ಲಿ ನನ್ನನ್ನು ಎಲ್ಲರೂ ಮಾತ್ರೆ ಅಕ್ಕ ಅನ್ನುತ್ತಾರೆ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಮೂಲವ್ಯಾಧಿ, ಯಾರ ಮಗಳ ತಲೆಯಲ್ಲಿ ಹೇನು, ಎಲ್ಲ ನನಗೆ ಗೊತ್ತು. ಇಷ್ಟೆಲ್ಲ ಗೊತ್ತಿರುವವಳನ್ನು ಯಾರೂ ಮನೆಗೆ ಕರೆಯುವುದಿಲ್ಲ. ಬೀದಿಯಲ್ಲಿ ಎದುರಾದರೆ ನಕ್ಕು, ಜೊತೆಗಿದ್ದವರಿಗೆ ನನ್ನ ಪರಿಚಯ ಹೇಳದೆ ಬೇಗ ದಾಟಿಬಿಡುತ್ತಾರೆ. ನನಗೆ ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ದಿನವಿಡೀ ಮಾತಾಡಿ ಗಂಟಲು ಒಣಗಿಸಿಕೊಂಡು ಮನೆಗೆ ಹೋದರೆ, ಅಲ್ಲಿ ಒಂದು ಲೋಟ ನೀರು ಕೊಡು ಎಂದು ಕೇಳಲೂ ಯಾರಿಲ್ಲ.

ಗಂಡ ತೀರಿಕೊಂಡ ಮೇಲೆ ನನ್ನನ್ನು ಅತ್ತಿಗೆ ಎನ್ನುವವನು ಒಬ್ಬನೇ ಉಳಿದಿದ್ದಾನೆ, ನನ್ನ ಮೈದುನ. ಊರಿನ ಇನ್ನೊಂದು ತುದಿಯಲ್ಲಿ ಮುದ್ರಣದ ಅಂಗಡಿ ಇಟ್ಟಿದ್ದಾನೆ. ಕೈಗೆ ಸದಾ ಮಸಿ, ಬಾಯಿಗೆ ಸದಾ ಬಿಡುವಿಲ್ಲ. ನಗರಸಭೆಯ ಚುನಾವಣೆ ಹತ್ತಿರ ಬಂದಾಗ ಅಂಗಡಿಗೆ ಬಂದು ಕೌಂಟರಿನ ಮೇಲೆ ಮೊಳಕೈ ಊರಿ ನಿಂತ.

"ಅತ್ತಿಗೆ, ನಿಂತುಬಿಡಿ."

"ಬೆಳಗ್ಗೆಯಿಂದ ನಿಂತೇ ಇದ್ದೀನಲ್ಲೋ."

"ತಮಾಷೆ ಅಲ್ಲ. ಪೋಸ್ಟ್ ಮಾಸ್ಟರಿಗೆ ನೀವು ಹೇಳಿದ ಮಾತು ವಾರ್ಡೆಲ್ಲ ಸುತ್ತಿದೆ. ಅವರೇ ಎಲ್ಲರಿಗೂ ಹೇಳ್ಕೊಂಡು ತಿರುಗ್ತಾ ಇದ್ದಾರೆ. ಈಗ ಇಲ್ಲಿ ಭದ್ರತೆ ಒಂದೇ ವಿಷಯ. ಅದನ್ನ ಹಿಡಿದವರು ಗೆದ್ದ ಹಾಗೆ."

ನಾನು ಬೈದು ಕಳಿಸಬೇಕಿತ್ತು. ಆದರೆ ಆ ಕಳ್ಳತನ ನನ್ನ ತಲೆಯೊಳಗೆ ಹೊಕ್ಕಿಬಿಟ್ಟಿತ್ತು. ಅಲ್ಲಿ ಬೀಗವೇನೂ ಕಮ್ಮಿಯದಾಗಿರಲಿಲ್ಲ. ಒಬ್ಬರ ಬಗ್ಗೆ ಒಬ್ಬರಿಗೆ ಏನೂ ಗೊತ್ತಿರಲಿಲ್ಲ, ಕಳ್ಳರು ಆ ಬಾಗಿಲಿನಿಂದ ಬಂದಿದ್ದರು. ನನ್ನ ಮನೆಯ ಸಾಮಾನನ್ನು ಯಾರಾದರೂ ಹೊತ್ತುಕೊಂಡು ಹೋದರೂ ಯಾರೂ ತಡೆಯುವುದಿಲ್ಲ ಎಂಬುದೂ ಹೊಳೆದಿತ್ತು. ಸರಿ, ಅಂದುಬಿಟ್ಟೆ.

ಮೈದುನ ಮಾರನೇ ದಿನವೇ ಒಂದು ಪೋಸ್ಟರಿನ ಮಾದರಿ ತಂದ. ಕಪ್ಪು ಮುಸುಕು, ಕಪ್ಪು ಕೈಗವಸು, ಕೆಂಪು ಅಕ್ಷರದಲ್ಲಿ 'ನಾಳೆ ನಿಮ್ಮ ಮನೆ?'. ನೋಡಿದ ಕೂಡಲೇ ನನ್ನ ತಲೆ ಕೆಟ್ಟಿತು. ಎರಡಾಗಿ ಹರಿದು ಅವನ ಕೈಗೇ ಕೊಟ್ಟೆ.

"ಹೆದರಿಸಿ ಓಟು ಕೇಳ್ತೀಯಾ? ಹೆದರಿದವನು ಬಾಗಿಲು ಹಾಕ್ಕೊಂಡು ಕೂರ್ತಾನೆ, ಓಟು ಹಾಕೋಕೂ ಬರಲ್ಲ. ಇವರಿಗೆ ರಕ್ತದೊತ್ತಡದ ಮಾತ್ರೆ ಕೊಡೋಳು ನಾನು. ಏರಿಸೋ ಕೆಲಸ ನನ್ನ ಕೈಲಿ ಆಗಲ್ಲ."

"ಹಾಗಾದ್ರೆ ಏನ್ ಹೇಳ್ತೀರಿ? ನಕ್ಕೊಂಡು ಇರಿ ಅಂತನಾ?"

ನಾನು ಮೊದಲು ಠಾಣೆಗೆ ಹೋದೆ. ಈ ವಾರ್ಡಿನಲ್ಲಿ ನಿಜವಾಗಿ ನಡೆಯುವುದೇನು ಎಂದು ಇನ್ಸ್‌ಪೆಕ್ಟರನ್ನು ಕೇಳಿದೆ. ಅವರು ಅನುಮಾನದಿಂದ ನೋಡಿ, ಆಮೇಲೆ ಟೀ ತರಿಸಿ, ಎಲ್ಲ ಹೇಳಿದರು. ಜನ ಹೇಳುವಷ್ಟು ಕೊಲೆ ಸುಲಿಗೆ ಏನೂ ಇರಲಿಲ್ಲ. ಯಾರೂ ಇಲ್ಲದ ಮನೆಗೆ ಹಗಲಲ್ಲಿ ನುಗ್ಗುವುದು, ಬಸ್ ನಿಲ್ದಾಣದಲ್ಲಿ ಕೈಚೀಲ ಕಸಿಯುವುದು, ಮಾರುಕಟ್ಟೆಯ ಹಿಂದಿನ ಕತ್ತಲ ಓಣಿ, ಇವಿಷ್ಟೇ ಪದೇಪದೇ ಬರುತ್ತಿದ್ದವು. ಅಷ್ಟಕ್ಕೆ ಏನು ಮಾಡಬಹುದೋ ಅಷ್ಟನ್ನೇ ಹೇಳುವುದೆಂದು ನಿರ್ಧರಿಸಿದೆ. ಕಳ್ಳತನವನ್ನೇ ಇಲ್ಲವಾಗಿಸುತ್ತೇನೆ ಎಂದು ಭಾಷಣ ಬಿಗಿಯಲು ನನಗೇನು ಹುಚ್ಚೇ?

ಹಾಗೆ ನಮ್ಮ ಕರಪತ್ರ ಸಿದ್ಧವಾಯಿತು. ಮೇಲೆ ದಪ್ಪ ಅಕ್ಷರದಲ್ಲಿ 'ಯಾರು ಬೇಕಿತ್ತು?'. ಗುರುತಿಲ್ಲದವರು ಮೆಟ್ಟಿಲ ಮೇಲೆ ಕಂಡರೆ ಮುಖ ನೋಡಿ, ನಗುತ್ತ ಹಾಗೆ ಕೇಳಿ. ನಿಜವಾಗಿ ಯಾರನ್ನೋ ಹುಡುಕಿ ಬಂದವರಾದರೆ ಮನೆ ತೋರಿಸಿ, ಅಲ್ಲದಿದ್ದರೆ ಅವರು ತಾವಾಗೇ ಜಾಗ ಖಾಲಿ ಮಾಡುತ್ತಾರೆ. ಕೆಳಗೆ ಇನ್ನೊಂದು ಪ್ರಶ್ನೆ: 'ನಿಮ್ಮ ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ?' ಪ್ರತಿ ಮನೆಯವರೂ ತಮ್ಮ ಎರಡನೇ ಬೀಗದ ಕೈಯನ್ನು ಅಕ್ಕಪಕ್ಕದ ಒಬ್ಬರಿಗೆ ಕೊಡಬೇಕು, ಅವರದನ್ನು ತಾವು ಇಟ್ಟುಕೊಳ್ಳಬೇಕು. ಕೀಲಿ ಕೊಡುವ ಮುಂಚೆ ಮಾತಾಡಬೇಕಾಗುತ್ತದೆ, ಅದೇ ನನಗೆ ಬೇಕಾಗಿದ್ದದ್ದು.

ಮೈದುನ ಓದಿ ತಲೆ ಕೆರೆದುಕೊಂಡ. "ಬೀಗರಿಗೇ ಬೀಗದ ಕೈ ಕೊಡದ ಕಾಲ ಅತ್ತಿಗೆ ಇದು. ಪಕ್ಕದ ಮನೆಯವರಿಗೆ ಯಾರು ಕೊಡ್ತಾರೆ?" ಅಂದ. ಆದರೂ ಅಚ್ಚು ಹಾಕಿಕೊಟ್ಟ.

ಮನೆಮನೆಗೆ ಹೋಗಿದ್ದು ನನ್ನ ಬದುಕಿನಲ್ಲೇ ಕಷ್ಟದ ಕೆಲಸ. ನನ್ನ ಎದುರಾಳಿಗೆ ಎಲೆಕ್ಟ್ರಾನಿಕ್ಸ್ ಅಂಗಡಿ ಇತ್ತು, ಜನ ಅವನನ್ನು ಕ್ಯಾಮೆರಾ ಅಣ್ಣ ಅನ್ನುತ್ತಿದ್ದರು. ಅವನು ಆಗಲೇ ವಾರ್ಡಿನ ಬಾಗಿಲುಗಳಿಗೆಲ್ಲ 'ಅಪರಿಚಿತರಿಗೆ ಬಾಗಿಲು ತೆರೆಯಬೇಡಿ' ಎಂಬ ಸ್ಟಿಕರ್ ಅಂಟಿಸಿ ಮುಗಿಸಿದ್ದ. ನಾನು ಬೆಲ್ ಒತ್ತಿದರೆ ಒಳಗಿನ ಟೀವಿಯ ಸದ್ದು ನಿಲ್ಲುತ್ತಿತ್ತು, ಉಸಿರು ಬಿಗಿಹಿಡಿದು ಯಾರೋ ಕಿಂಡಿಯಲ್ಲಿ ನೋಡುವುದು ನನಗೆ ತಿಳಿಯುತ್ತಿತ್ತು. "ನಾನಮ್ಮ, ಮಾತ್ರೆ ಅಕ್ಕ" ಎಂದರೆ, "ಯಾವ ಅಕ್ಕ?" ಅನ್ನುವರು. ಇಷ್ಟು ವರ್ಷ ಇವರ ಕೆಮ್ಮಿಗೆ ನೆಗಡಿಗೆ ಔಷಧಿ ಕೊಟ್ಟವಳು ನಾನು. ಕೌಂಟರಿನ ಹಿಂದೆ ಇಲ್ಲದ ನನ್ನನ್ನು ಒಬ್ಬರೂ ಗುರುತು ಹಿಡಿಯಲಿಲ್ಲ.

"ಬಿಳಿ ಕೋಟು ಹಾಕ್ಕೊಂಡು ಹೋಗಿ" ಎಂದ ಮೈದುನ. ಹಾಕಿಕೊಂಡು ಹೋದೆ. ಬಾಗಿಲು ತೆರೆದವು. ಕೆಲವರು ಮಾತಿಗೆ ಮುಂಚೆ ತೋಳು ಚಾಚಿ, ರಕ್ತದೊತ್ತಡ ನೋಡಿ ಅಂದರು. ಪರವಾಗಿಲ್ಲ, ನೋಡಿದೆ.

ಒಳಗೆ ಹೋದ ಮೇಲೆ ಭಾಷಣ ಮಾಡಲಿಲ್ಲ, ಒಂದೇ ಪ್ರಶ್ನೆ ಕೇಳಿದೆ. "ದಾರಿಯಲ್ಲಿ ನೀವು ಎಲ್ಲಿಂದ ಬೇಗ ಬೇಗ ನಡೀತೀರಿ?" ಅಂತ. ನಿಮಗೆ ಭಯ ಇದೆಯಾ ಎಂದು ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಎಲ್ಲಿ ಹೆಜ್ಜೆ ಜೋರಾಗುತ್ತದೆ ಎಂದರೆ ಎಲ್ಲರಿಗೂ ಹೇಳಲು ಒಂದು ಜಾಗ ಇರುತ್ತದೆ. ಸಂಜೆಯ ಹೊತ್ತು ಅವರ ಜೊತೆಗೇ ನಡೆದು ಆ ಜಾಗಗಳಲ್ಲಿ ಸೀಮೆಸುಣ್ಣದಿಂದ ನೆಲಕ್ಕೆ ಗೀಟು ಎಳೆದೆವು. ದರ್ಜಿಯ ಅಂಗಡಿ ದಾಟಿದ ಮೇಲೆ ಒಂದು, ಬಸ್ ನಿಲ್ದಾಣದ ಹಿಂದಿನ ಗೋಡೆಯ ಬುಡದಲ್ಲಿ ಒಂದು, ಮಾರುಕಟ್ಟೆಯ ಓಣಿಯ ಬಾಯಲ್ಲಿ ಗೀಟಿನ ಮೇಲೆ ಗೀಟು. ಗೆದ್ದರೆ ಮೊದಲು ದೀಪ ಹಾಕಿಸುವುದು ಇಲ್ಲೇ ಎಂದು ತೋರಿಸಿ ಹೇಳಿದೆ. ಕ್ಯಾಮೆರಾ ಅಣ್ಣ ನೆಲ ಗೀಚುವವಳು ಎಂದು ನನ್ನನ್ನು ಆಡಿಕೊಂಡ. ಆದರೆ ಆ ಗೀಟುಗಳ ಹತ್ತಿರ ಜನ ನಿಂತು ಮಾತಾಡತೊಡಗಿದರು.

ಬೀಗದ ಕೈಗಳೂ ನಿಧಾನವಾಗಿ ಕೈ ಬದಲಾಯಿಸಿದವು. ಮೊದಲು ಕೊಟ್ಟವರು ಪೋಸ್ಟ್ ಮಾಸ್ಟರ್, ಮೇಲಿನ ಮನೆಯ ಅದೇ ವಿಮಾ ಕಚೇರಿಯವರಿಗೆ. ಅವರು ತಮ್ಮದನ್ನೂ ಕೊಟ್ಟರು, ಕದಿಯಲು ಇನ್ನೇನೂ ಉಳಿದಿಲ್ಲ ಸಾರ್ ಎಂದು ನಕ್ಕರಂತೆ. ದರ್ಜಿ ಕ್ಷೌರಿಕನಿಗೆ ಕೊಟ್ಟ. ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದ ವಾರಗಿತ್ತಿಯರಿಬ್ಬರು ಬೈದುಕೊಂಡೇ ಅದಲುಬದಲು ಮಾಡಿಕೊಂಡರು. ಒಂದು ಮಧ್ಯಾಹ್ನ ಯಾರೋ ದರ್ಜಿಯ ಮನೆಯ ಬಾಗಿಲ ಹತ್ತಿರ ಬಗ್ಗಿ ನಿಂತಿದ್ದನಂತೆ. ಕ್ಷೌರಿಕ ಸೋಪು ಹಚ್ಚಿದ ಬ್ರಷ್ಷು ಹಿಡಿದೇ ಹೊರಗೆ ಬಂದು, "ಯಾರು ಬೇಕಿತ್ತು?" ಅಂದನಂತೆ. ಬಗ್ಗಿದ್ದವನು ಏನೋ ಗೊಣಗಿ ಕಂಬಿ ಕಿತ್ತ. ಅವತ್ತು ಬೀದಿಯಲ್ಲಿ ನನ್ನ ಹೆಸರು ಮೇಲೆದ್ದಿತು.

ಮನೆಗೆ ಹೋಗಿ ಬಾಗಿಲು ಹಾಕಿದಾಗ ಬಾಗಿಲ ಹಿಂದಿನ ಮೊಳೆಯಲ್ಲಿ ನನ್ನ ಎರಡನೇ ಬೀಗದ ಕೈ ನೇತಾಡುತ್ತಿತ್ತು. ಅದು ನನ್ನ ಗಂಡನದು. ಅವರು ಹೋದ ಮೇಲೆ ಅದನ್ನು ಮೊಳೆಯಿಂದ ತೆಗೆದವರಿಲ್ಲ. ಇಡೀ ವಾರ್ಡಿಗೆ ಕೊಡಿ ಕೊಡಿ ಎಂದು ಹೇಳಿಕೊಂಡು ತಿರುಗುವವಳು ಅದನ್ನು ಯಾರಿಗೆ ಕೊಡಲಿ? ಮೈದುನ ಇರುವುದು ಊರಿನ ಆ ತುದಿಯಲ್ಲಿ. ಅಂಗಡಿಗೆ ಬರುವ ನೂರಾರು ಜನರನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ನೋಡಿದೆ. ಎಲ್ಲರ ಕಾಯಿಲೆಯೂ ನೆನಪಾಯಿತು, ಬಿಳಿ ಕೋಟಿಲ್ಲದೆ ನನ್ನನ್ನು ಒಳಗೆ ಕರೆದ ಒಂದು ಮನೆಯೂ ನೆನಪಾಗಲಿಲ್ಲ.

ಉಳಿದವಳು ಎದುರು ಬಾಗಿಲಿನವಳು. ಮೂರನೇ ಮಹಡಿಯಲ್ಲಿ ನಮ್ಮವು ಎರಡೇ ಮನೆ, ನಡುವೆ ಒಂದು ಚಾಪೆ ಹಾಸುವಷ್ಟು ಜಾಗ. ಅವಳು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮೇಣದಲ್ಲಿ ಹಲ್ಲು ಕೂರಿಸಿ, ಅಚ್ಚು ತೆಗೆದು, ತಿಕ್ಕಿ ನಯ ಮಾಡುವ ಕೆಲಸ. ಸಂಜೆ ಮನೆಗೆ ಬರುವಾಗ ತೋಳಿಗೆಲ್ಲ ಬಿಳಿ ಪುಡಿ. ಊರವರ ಹಲ್ಲೆಲ್ಲ ಮಾಡಿಕೊಡುವವಳು ತಾನು ಮಾತ್ರ ಹಲ್ಲು ಬಿಟ್ಟು ನಗುತ್ತಿರಲಿಲ್ಲ. ನನಗಿಂತ ತುಸು ಚಿಕ್ಕವಳು, ಒಬ್ಬಳೇ. ನನ್ನ ಅಂಗಡಿಯಿಂದ ಥೈರಾಯ್ಡ್ ಮಾತ್ರೆ ಒಯ್ಯುತ್ತಿದ್ದಳು. "ಹೇಗಿದ್ದೀರಿ?" "ಹೀಗೇ." ಇಷ್ಟೇ ನಮ್ಮ ಸಂಭಾಷಣೆ. ಎಷ್ಟೋ ಸಲ ಮೊಳೆಯಿಂದ ಕೀಲಿ ತೆಗೆದು ಬಾಗಿಲವರೆಗೆ ಹೋದೆ. ಏನೆಂದು ಹೇಳಲಿ? ಓಟಿಗೋಸ್ಕರ ಬಂದಳು ಅಂದುಕೊಳ್ಳುತ್ತಾಳೆ ಎಂದು ನಾಚಿಕೆಯಾಗಿ ಮತ್ತೆ ಮೊಳೆಗೇ ಸಿಕ್ಕಿಸಿದೆ.

ಮತದಾನಕ್ಕೆ ಮುಂಚೆ ಶಾಲೆಯ ಸಭಾಂಗಣದಲ್ಲಿ ಅಭ್ಯರ್ಥಿಗಳಿಬ್ಬರನ್ನೂ ಕೂರಿಸಿ ಜನ ಪ್ರಶ್ನೆ ಕೇಳುವ ಕಾರ್ಯಕ್ರಮ ಇತ್ತು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ಕ್ಯಾಮೆರಾ ಅಣ್ಣ ಚೆನ್ನಾಗಿಯೇ ಮಾತಾಡಿದ. ಅವನು ಕೆಟ್ಟವನೇನಲ್ಲ, ಮಾರುವ ಸಾಮಾನಿನ ಮೇಲೆ ನಂಬಿಕೆ ಇರುವವನು. ನಾನು ಗೀಟುಗಳ ಬಗ್ಗೆ, ದೀಪದ ಬಗ್ಗೆ, ಬೀಗದ ಕೈ ಬಗ್ಗೆ ಹೇಳಿದೆ. ಚಪ್ಪಾಳೆ ಬಿತ್ತು. ಆಗ ಅವನು ಮೈಕಿನ ಹತ್ತಿರ ಬಗ್ಗಿ, ನಗುತ್ತಲೇ ಕೇಳಿದ.

"ಎಲ್ಲ ಸರಿ ಮಾತ್ರೆ ಅಕ್ಕ. ನಿಮ್ಮ ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ?"

ಮುಂದಿನ ಸಾಲಿನಲ್ಲಿದ್ದ ಮೈದುನ, ನನ್ನ ಹತ್ತಿರ ಅನ್ನಿ ಎಂದು ತನ್ನ ಎದೆ ಮುಟ್ಟಿ ಮುಟ್ಟಿ ತೋರಿಸುತ್ತಿದ್ದ. ಯಾರ ಹತ್ತಿರವೂ ಇಲ್ಲ ಎಂದು ನಿಜ ಹೇಳಲು ಬಾಯಿ ತೆರೆದೆ. ನೂರಾರು ಮುಖಗಳು ನನ್ನನ್ನೇ ನೋಡುತ್ತಿದ್ದವು. ಇವರ ಮುಂದೆ, ನನಗೆ ಯಾರೂ ಇಲ್ಲ ಎಂದು ಮೈಕಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಸೋಲಿನ ಭಯವಲ್ಲ ಅದು, ಬರೀ ಅವಮಾನ.

"ನಮ್ಮ ಎದುರು ಬಾಗಿಲಿನವರ ಹತ್ತಿರ" ಎಂದೆ.

ಹೇಳಿದ ಮೇಲೆ ಕಂಡೆ, ಅವಳು ಅಲ್ಲೇ ಇದ್ದಳು. ಹಿಂದಿನ ಗೋಡೆಗೆ ಒರಗಿ, ಕೆಲಸದಿಂದ ನೇರ ಬಂದವಳು, ತೋಳಿನ ಮೇಲೆ ಬಿಳಿ ಪುಡಿ. ಪೋಸ್ಟ್ ಮಾಸ್ಟರ್ ಅವಳನ್ನು ಗುರುತಿಸಿ ಕೈ ತೋರಿಸಿದರು. ಎಲ್ಲರೂ ಹಿಂದಕ್ಕೆ ತಿರುಗಿದರು.

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಕೈಚೀಲದೊಳಗೆ ಕೈ ಹಾಕಿ ತಡಕಿ, ಒಂದು ಬೀಗದ ಕೈ ಎತ್ತಿ ಹಿಡಿದಳು.

"ಇಲ್ಲೇ ಇದೆ" ಅಂದಳು.

ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಕ್ಯಾಮೆರಾ ಅಣ್ಣ ಕೂಡ ತಲೆದೂಗಿ ಚಪ್ಪಾಳೆ ತಟ್ಟಿದ. ಜನರ ನಡುವೆ ನುಗ್ಗಿ ಅವಳ ಹತ್ತಿರ ಹೋಗುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಮಾರನೇ ದಿನವೇ ಕೀಲಿ ಕೊಟ್ಟು ಕ್ಷಮೆ ಕೇಳಬೇಕೆಂದಿದ್ದೆ. ಮಾರನೇ ದಿನ ಮೈದುನ ಬೆಳಗ್ಗೆಯೇ ಬಂದು ಎಳೆದುಕೊಂಡು ಹೋದ. ಅದರ ಮಾರನೇ ದಿನವೂ ಅದೇ ಕಥೆ. ನಿಜ ಹೇಳಬೇಕೆಂದರೆ ನಾನು ನೆವ ಹುಡುಕುತ್ತಿದ್ದೆ. ಸುಳ್ಳು ಹೇಳಿ ಸಿಕ್ಕಿಬಿದ್ದವಳು ಕಾಪಾಡಿದವಳ ಮುಖ ನೋಡುವುದು ಸುಲಭವಲ್ಲ.

ಅವಳೇ ಅಂಗಡಿಗೆ ಬಂದಳು. ಕೌಂಟರಿನ ಮುಂದೆ ಜನ ಕಿಕ್ಕಿರಿದಿದ್ದರು, ಎಲ್ಲರಿಗೂ ಚುನಾವಣೆಯದೇ ಮಾತು. ಅವಳ ಸರದಿ ಬಂತು.

"ಮಾತ್ರೆ ಬೇಕಿತ್ತು. ಈ ಸಲ ಮೂರು ತಿಂಗಳದ್ದು ಒಟ್ಟಿಗೆ ಕೊಡಿ."

ಪ್ರತಿ ತಿಂಗಳು ಬಂದು ಒಂದು ತಿಂಗಳದ್ದು ಒಯ್ಯುವವಳು ಅವಳು. ಔಷಧಿ ಮಾರುವವರಿಗೆ ಒಂದು ಅಭ್ಯಾಸ ಇರುತ್ತದೆ. ಹೆಚ್ಚು ಮಾತ್ರೆ ಕೇಳಿದರೆ ಕಣ್ಣು ಮೊದಲು ಹೋಗುವುದು ಮಾತ್ರೆ ಪಟ್ಟಿಯ ಹಿಂಬದಿಯ, ಅವಧಿ ಮುಗಿಯುವ ತಾರೀಕಿಗೆ. ಅಷ್ಟು ದಿನ ಕೆಡದೆ ಇರುತ್ತದೆಯೇ ಎಂದು. ನಾನೂ ಒಂದೊಂದೇ ಪಟ್ಟಿ ತಿರುವಿ ತಾರೀಕು ನೋಡಿದೆ, ಹಳೆಯದೊಂದನ್ನು ಬದಲಾಯಿಸಿ ಹೊಸದನ್ನು ಇಟ್ಟೆ. ಅವಳು ಕಾಯುತ್ತ ನಿಂತಿದ್ದಳು. ಅವತ್ತು ಅವಳ ತೋಳು ಶುಭ್ರವಾಗಿತ್ತು. ಕೀಲಿಯ ಮಾತು ನಾಲಿಗೆಯ ತುದಿಗೆ ಬಂತು, ಹಿಂದೆ ನಿಂತವರ ಕಿವಿ ನೆನೆದು ನುಂಗಿಕೊಂಡೆ.

"ಬೆಳಗ್ಗೆ ಖಾಲಿ ಹೊಟ್ಟೇಲಿ ತಗೊಳ್ಳಿ" ಎಂದೆ, ಇಷ್ಟು ವರ್ಷ ತೆಗೆದುಕೊಳ್ಳುತ್ತಿರುವವಳಿಗೆ.

"ಗೊತ್ತು" ಅಂದಳು. ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ನಾನು ಗೆದ್ದೆ. ಭಾರಿ ಅಂತರವೇನಲ್ಲ, ಆದರೂ ಗೆಲುವು ಗೆಲುವೇ. ಎಣಿಕೆ ಮುಗಿದಾಗ ಮೈದುನ ನನ್ನನ್ನು ಎತ್ತಿಕೊಂಡೇ ಬಿಡುತ್ತಿದ್ದ, ಮಸಿ ಕೈ ನೋಡಿ ಬೇಡಪ್ಪ ಅಂದೆ. ಕ್ಯಾಮೆರಾ ಅಣ್ಣ ಬಂದು ಕೈ ಕುಲುಕಿ, "ಓಣಿಗೆ ದೀಪ ಹಾಕಿಸುವಾಗ ಒಂದು ಕ್ಯಾಮೆರಾನೂ ಹಾಕಿಸಿ ಅಕ್ಕ" ಅಂದ. ಆಗಲಿ ಎಂದೆ. ಇವತ್ತು ಮಾತ್ರ ತಡ ಮಾಡುವುದಿಲ್ಲ, ಮನೆಗೆ ಹೋದ ಕೂಡಲೇ ಆ ಕೀಲಿ ತೆಗೆದುಕೊಂಡು ಎದುರು ಬಾಗಿಲು ತಟ್ಟುತ್ತೇನೆ ಎಂದುಕೊಂಡು, ಸಂಭ್ರಮದಲ್ಲಿದ್ದವರನ್ನು ಮೈದುನನಿಗೆ ಒಪ್ಪಿಸಿ ಹೊರಟೆ.

ನಮ್ಮ ಕಟ್ಟಡದ ಮುಂದೆ ಒಂದು ವ್ಯಾನು ನಿಂತಿತ್ತು.

ಗುರುತಿಲ್ಲದ ಇಬ್ಬರು ಮೆಟ್ಟಿಲಿನಿಂದ ಕಪಾಟು ಇಳಿಸುತ್ತಿದ್ದರು. ಗೆದ್ದ ದಿನವೇ, ನನ್ನ ಕಟ್ಟಡದಲ್ಲೇ! ಸೆರಗು ಸಿಕ್ಕಿಸಿಕೊಂಡು ಓಡಿದೆ. ಇಡೀ ಪ್ರಚಾರದಲ್ಲಿ ಬಾರದ ದನಿ ಆಗ ಬಂತು.

"ಯಾರು ಬೇಕಿತ್ತು?"

ಮುಂದಿದ್ದವನು ಕಪಾಟು ಕೆಳಗಿಟ್ಟು ಬೆವರು ಒರೆಸಿಕೊಂಡ. "ಯಾರೂ ಬೇಡಮ್ಮ. ಮೂರನೇ ಮಹಡಿಯವರು ಖಾಲಿ ಮಾಡ್ತಾ ಇದ್ದಾರೆ."

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಅವಳ ಬಾಗಿಲು ಪೂರಾ ತೆರೆದಿತ್ತು. ಇಷ್ಟು ವರ್ಷದಲ್ಲಿ ಆ ಮನೆಯ ಒಳಗನ್ನು ನಾನು ನೋಡಿದ್ದು ಅದೇ ಮೊದಲು, ಅದೂ ಸಾಮಾನೆಲ್ಲ ಹೋದ ಮೇಲೆ. ಅವಳು ಕಸ ಗುಡಿಸುತ್ತಿದ್ದಳು.

"ಗೆದ್ದಿರಂತೆ. ಸಂತೋಷ" ಅಂದಳು.

"ಏನಿದು? ಎಲ್ಲಿಗೆ ಹೊರಟಿರಿ?"

"ತಂಗಿ ಊರಿಗೆ. ಅಲ್ಲೊಂದು ಕೆಲಸ ಸಿಕ್ತು. ಇಲ್ಲಿ ಲ್ಯಾಬು ಮುಚ್ಚಿದರಲ್ಲ. ಈಗ ಹಲ್ಲೆಲ್ಲ ಯಂತ್ರವೇ ಮಾಡುತ್ತೆ."

"ಲ್ಯಾಬು ಮುಚ್ಚಿತಾ?" ಶುಭ್ರವಾಗಿದ್ದ ಆ ತೋಳು ಆಗ ನನಗೆ ನೆನಪಾಯಿತು. "ನನಗೆ ಒಂದು ಮಾತು ಹೇಳಬಾರದಿತ್ತಾ?"

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಕೋಪ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೇಳಿದೆನಲ್ಲ ಅಕ್ಕ. ಯಾಕೆ ಅಂತ ಕೇಳ್ತೀರಿ ಅಂದ್ಕೊಂಡೆ. ಕೇಳಲಿ ಅಂತಲೇ ಸ್ವಲ್ಪ ಹೊತ್ತು ನಿಂತೆ."

ನನ್ನ ಮನೆಯೊಳಗೆ ಹೋಗಿ ಮೊಳೆಯಿಂದ ಕೀಲಿ ತೆಗೆದು ತಂದು ಅವಳ ಮುಂದೆ ಹಿಡಿದೆ. ಯಾಕೆ ಹಿಡಿದೆ ಎಂದು ಕೇಳಿದರೆ ಹೇಳಲಾರೆ. ಹೊರಟು ನಿಂತವಳಿಗೆ ಅದರಿಂದ ಏನುಪಯೋಗ?

ಅವಳು ಅದನ್ನು ತೆಗೆದುಕೊಂಡು ಅಂಗೈಯಲ್ಲಿ ತಿರುಗಿಸಿ ನೋಡಿದಳು. "ಇದಾ ನಿಮ್ಮದು? ಅವತ್ತು ನಾನು ತೋರಿಸಿದ್ದು ಲ್ಯಾಬಿನ ಕಪಾಟಿನದು. ಮಾರನೇ ದಿನ ನೀವು ನಿಜವಾದದ್ದನ್ನೇ ತಂದು ಕೊಡ್ತೀರಿ ಅಂತ ಇದ್ದೆ. ನನ್ನದೂ ತೆಗೆದಿಟ್ಟಿದ್ದೆ."

"ನನಗೆ ನಾಚಿಕೆಯಾಯ್ತು."

"ನನಗೂ ಅಷ್ಟೆ" ಅಂದಳು. "ಇಲ್ಲದಿದ್ದರೆ ನಾನೇ ಬಂದು ತಟ್ಟುತ್ತಿದ್ದೆ."

ಕೆಳಗಿನಿಂದ ವ್ಯಾನಿನ ಹಾರ್ನ್ ಕೇಳಿತು. ಅವಳು ನನ್ನ ಕೀಲಿಯನ್ನು ನನ್ನ ಕೈಗೇ ವಾಪಸು ಇಟ್ಟು, ಅದರ ಮೇಲೆ ತನ್ನ ಮನೆಯದನ್ನೂ ಇಟ್ಟಳು. ಮಾಲೀಕರು ಬರುವುದು ತಡವಾಗುತ್ತದಂತೆ, ಅಲ್ಲಿಯವರೆಗೆ ನಿಮ್ಮ ಹತ್ತಿರ ಇರಲಿ ಅಂದಳು. ಬೆರಳುಗಳನ್ನು ಮಡಚಿ ನನ್ನ ಮುಷ್ಟಿ ಮುಚ್ಚಿದಳು. ಆಮೇಲೆ ಮೊದಲ ಸಲ ಹಲ್ಲು ಕಾಣುವಂತೆ ನಕ್ಕು, ಮೆಟ್ಟಿಲು ಇಳಿದು ಹೋದಳು. ಕೊನೆಗೂ ಒಬ್ಬರ ಮನೆಯ ಬೀಗದ ಕೈ ನನ್ನ ಹತ್ತಿರ ಬಂತು, ಆ ಮನೆಯಲ್ಲಿ ಯಾರೂ ಇರಲಿಲ್ಲ.

ಮಾರುಕಟ್ಟೆಯ ಓಣಿಗೆ ದೀಪ ಬಂತು. ಬಸ್ ನಿಲ್ದಾಣದ ಗೋಡೆ ಒಡೆಸಿ ಬೇಲಿ ಹಾಕಿಸಿದೆವು, ಈಗ ಆಚೆ ಈಚೆ ಕಾಣುತ್ತದೆ. ಸೀಮೆಸುಣ್ಣದ ಗೀಟುಗಳು ಅಳಿಸಿಹೋದವು. ಸಭೆಗಳಿಗೆ ಹೋಗುತ್ತೇನೆ, ಸಂಜೆ ಅಂಗಡಿ ನೋಡಿಕೊಳ್ಳುತ್ತೇನೆ, ಜನ ನಮಸ್ಕಾರ ಹೇಳಿ ಬೇಗ ದಾಟುತ್ತಾರೆ.

ಒಂದು ಸಂಜೆ ಮನೆಗೆ ಬಂದಾಗ ಎದುರು ಮನೆಯೊಳಗೆ ಕಿಟಕಿ ಬಡಿದುಕೊಳ್ಳುತ್ತಿತ್ತು. ಗಾಳಿಗೆ ಚಿಲಕ ಕಳಚಿರಬೇಕು. ಮಾಲೀಕರು ಇನ್ನೂ ಬಂದಿರಲಿಲ್ಲ, ನನ್ನ ಹತ್ತಿರವೇ ಉಳಿದಿದ್ದ ಕೀಲಿಯಿಂದ ಬೀಗ ತೆಗೆದು ಒಳಗೆ ಹೋಗಿ ಕಿಟಕಿ ಭದ್ರ ಮಾಡಿದೆ. ಅವಳು ಅಷ್ಟು ಗುಡಿಸಿ ಹೋಗಿದ್ದರೂ ಬಾಗಿಲ ಮೂಲೆಯಲ್ಲಿ, ಬಹುಶಃ ಚಪ್ಪಲಿ ಬಿಡುತ್ತಿದ್ದ ಜಾಗದಲ್ಲಿ, ಸ್ವಲ್ಪ ಬಿಳಿ ಪುಡಿ ಉಳಿದುಕೊಂಡಿತ್ತು. ಅದನ್ನು ನೋಡುತ್ತ ಇದ್ದು, ಹೊರಗೆ ಬಂದು ಬೀಗ ಹಾಕಿದೆ. ಹಾಕಿದ ಮೇಲೂ ಅಲ್ಲೇ, ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೆ. ಬಿಳಿ ಕೋಟು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ತರಕಾರಿ ಚೀಲ ಹಿಡಿದ ಒಬ್ಬ ಯುವತಿ, ಮೇಲಿನ ಮಹಡಿಗೆ ಹೊಸದಾಗಿ ಬಂದವಳು. ನನ್ನನ್ನು ನೋಡಿ ನಿಂತಳು. ಚೀಲ ಕೆಳಗಿಟ್ಟು, ನೆಟ್ಟಗೆ ನನ್ನ ಮುಖ ನೋಡಿ, ಕರಪತ್ರದಲ್ಲಿ ಹೇಳಿದ್ದ ಹಾಗೇ ನಗುತ್ತ ಕೇಳಿದಳು.

"ಯಾರು ಬೇಕಿತ್ತು?"

ನಾನು ಇದೇ ಮಹಡಿಯವಳು, ಈ ಪ್ರಶ್ನೆಯನ್ನು ನಿನಗೆ ಕಲಿಸಿದವಳು ನಾನೇ ಎನ್ನಬಹುದಿತ್ತು. ಬಾಯ್ತುದಿಗೆ ಬಂದದ್ದು ಬೇರೆ.

"ಈ ಮನೆಯವರು ಬೇಕಿತ್ತು."

"ಅಯ್ಯೋ, ಅವರು ಖಾಲಿ ಮಾಡಿಕೊಂಡು ಹೋದರಂತಲ್ಲ" ಅಂದಳು ಅವಳು.

"ಗೊತ್ತು" ಅಂದೆ.